ರಾಜನ ಕೆನ್ನೆಯ ಗಾಯ

ಉತ್ತರದ ಚಳಿಗಡಲಿನ ಗಾಟ್‌ಲೆಂಡ್ ದ್ವೀಪದಲ್ಲಿ ಒಮ್ಮೆ, ತುಪ್ಪಳ ಮಾರುವ ಗುನ್ವೊರ್ ಎಂಬಾಕೆಯ ತಕ್ಕಡಿಗೆ ಹೊಸ ನಾಣ್ಯವೊಂದು ಬಂದು ಬಿತ್ತು. ಅದರ ಮೇಲೆ ರಾಜನ ಮುಖ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿದ್ದ ಮುದಿ ನಾಣ್ಯಕ್ಕೋ ಮೈತುಂಬ ಚೂರಿಯ ಕಚ್ಚು.

"ಸ್ವಲ್ಪ ಸರಿಯಿರಿ ಅಜ್ಜಾ, ನನ್ನ ಮೈಮೇಲೆ ರಾಜನಿದ್ದಾನೆ," ಎಂದಿತು ಹೊಸ ನಾಣ್ಯ.

"ನನ್ನ ಮೈಮೇಲೂ ಒಬ್ಬನಿದ್ದ. ಅವನ ರಾಜ್ಯ ಹೋಯಿತು, ನಾನಿನ್ನೂ ಊರೂರು ತಿರುಗುತ್ತಿದ್ದೇನೆ. ಇಲ್ಲಿ ಮುಖ ನೋಡಿ ಮಣೆ ಹಾಕುವುದಿಲ್ಲಪ್ಪ. ಒಳಗಿರುವುದು ಬೆಳ್ಳಿಯೋ ತಾಮ್ರವೋ ಎಂದು ಚೂರಿ ಇಟ್ಟು ನೋಡುತ್ತಾರೆ."

ಅಷ್ಟರಲ್ಲಿ ಗುನ್ವೊರ್ ಸೊಂಟದ ಚೂರಿ ತೆಗೆದಳು. ಹೊಸ ನಾಣ್ಯದ ಜಂಬ ಜರ್ರನೆ ಇಳಿಯಿತು. ತನ್ನೊಳಗೆ ಏನಿದೆಯೆಂದು ಪಾಪ, ಅದಕ್ಕೂ ಗೊತ್ತಿರಲಿಲ್ಲ.

"ಅಜ್ಜಾ, ತಾಮ್ರವೇ ಇದ್ದರೆ?"

"ಬೀದಿಗೆ ಎಸೆಯುತ್ತಾರೆ. ಈಗ ಅಲ್ಲಾಡಬೇಡ."

ಚೂರಿಯ ಮೊನೆ ರಾಜನ ಕೆನ್ನೆಗೇ ಇಳಿಯಿತು. ನಾಣ್ಯ ಕಣ್ಣುಮುಚ್ಚಿ ನೋವು ನುಂಗಿತು. ಗಾಯದೊಳಗೆ ಅಚ್ಚ ಬೆಳ್ಳಿ ಮಿಂಚಿತು. "ಅಪ್ಪಟ!" ಎನ್ನುತ್ತಾ ಗುನ್ವೊರ್ ಮುದಿ ನಾಣ್ಯದ ಜೊತೆಗೇ ಅದನ್ನೂ ಚೀಲಕ್ಕೆ ಹಾಕಿಕೊಂಡಳು.

ಮುಂದಿನ ಸಂತೆಯಲ್ಲಿ ಅವಳು ಉಪ್ಪು ಕೊಂಡಾಗ ಆ ನಾಣ್ಯ ಉಪ್ಪಿನವನ ತಕ್ಕಡಿ ಏರಿತು. ಹಿಂದೆಯೇ ಮಿರಮಿರ ಮಿನುಗುವ ಇನ್ನೊಂದು ನಾಣ್ಯ ಬಂದು ಬಿದ್ದು, "ಸರಿಯಿರಿ, ನನ್ನ ಮೈಮೇಲೆ ರಾಜನಿದ್ದಾನೆ," ಎಂದಿತು.

ನಮ್ಮ ನಾಣ್ಯ ಎಳ್ಳಷ್ಟೂ ಸರಿಯಲಿಲ್ಲ. ಕಚ್ಚು ಬಿದ್ದ ಕೆನ್ನೆಯನ್ನೇ ಮುಂದೆ ಮಾಡಿ ಕೇಳಿತು:

"ರಾಜನಿರಲಿ ತಮ್ಮಾ, ನಿನ್ನ ಗಾಯ ಎಲ್ಲಿ?"