ಕೊನೆಯ ಆಜ್ಞೆ

ಆಸ್ಪತ್ರೆಯೊಂದರ ರೋಗಿಗಳ ದಾಖಲೆ ಇಡಲು ನಂಬಿಕಸ್ಥ ಕಂಪ್ಯೂಟರ್ ಡಿಸ್ಕ್ ಬೇಕಾಗಿತ್ತು. ಆರಿಸುವ ಹೊಣೆ ಪರೀಕ್ಷೆ ಮಾಡುವ ‘ಸ್ಕ್ರಿಪ್ಟ್’ ಎಂಬ ಪುಟ್ಟ ಪ್ರೋಗ್ರಾಮಿನದು. ಅದು ಹೊಸ ಡಿಸ್ಕಿಗೂ ಹಳೆಯ ಡಿಸ್ಕಿಗೂ ತೊಂಬತ್ತೊಂಬತ್ತು ಆಜ್ಞೆಗಳನ್ನು ಬಿಡದೆ ಕೊಟ್ಟಿತು. ಹೊಸದು ಪ್ರತಿಯೊಂದಕ್ಕೂ ಥಟ್ಟನೆ “ಆಯಿತು” ಎಂದಿತು. ಹಳೆಯದು ನಿಧಾನವಾಗಿ “ಆಯಿತು” ಎಂದಿತು.

“ಇನ್ನೇಕೆ ತಡ? ನನ್ನನ್ನೇ ಆರಿಸಿ,” ಎಂದಿತು ಹೊಸದು.

“ಪಟ್ಟಿ ಮುಗಿಯದೆ ನಾನು ಏಳುವುದಿಲ್ಲ. ಇನ್ನೊಂದಿದೆ,” ಎಂದು ಸ್ಕ್ರಿಪ್ಟ್ ಕೊನೆಯ ಆಜ್ಞೆ ಕೊಟ್ಟಿತು.

“ಆಯಿತು!” ಎಂದಿತು ಹೊಸದು.

“ಕ್ಷಮಿಸಿ, ಇದು ನನಗೆ ಗೊತ್ತಿಲ್ಲ,” ಎಂದಿತು ಹಳೆಯದು.

ಸ್ಕ್ರಿಪ್ಟ್ ಹಳೆಯದನ್ನೇ ಆರಿಸಿತು.

“ನಾನು ಒಂದಕ್ಕೂ ಇಲ್ಲ ಎನ್ನಲಿಲ್ಲವಲ್ಲ!” ಎಂದು ಹೊಸದು ಸಿಡುಕಿತು.

“ಆ ಕೊನೆಯ ಆಜ್ಞೆ ಯಾವ ಡಿಸ್ಕಿಗೂ ಇಲ್ಲ, ನಾನೇ ಹುಟ್ಟಿಸಿದ್ದು. ಅದಕ್ಕೂ ಆಯಿತು ಎಂದೆಯಲ್ಲ, ಉಳಿದ ತೊಂಬತ್ತೊಂಬತ್ತನ್ನು ಈಗ ಹೇಗೆ ನಂಬಲಿ?”