ಕೆಂಪು ಹರಳಿನ ತವರು

"ಗುರುಗಳೇ, ಕೇಳಿದವರೇ ಇಲ್ಲವಾದ ಮೇಲೆ ಉತ್ತರ ಹುಡುಕಬೇಕೇ?" ಎಂದು ಸಂಗಯ್ಯ ಕೇಳಿದ.

ಸಂಗಯ್ಯನನ್ನು ಸಾಕಿ ಬೆಳೆಸಿದವಳು ಅವನ ಅಕ್ಕ. ಮೂರು ವರ್ಷಗಳ ಹಿಂದೆ ಅವನು ಮಠಕ್ಕೆ ಹೊರಟ ದಿನ ಅವಳು ಬಾಗಿಲಲ್ಲಿ ನಿಂತು ಏನನ್ನೋ ಕೇಳಿದ್ದಳು. ಅವನಿಗೆ ಅವಸರವಿತ್ತು. "ಮುಂದಿನ ಸಲ ಬಂದಾಗ ಹೇಳುತ್ತೇನೆ ಬಿಡಕ್ಕ" ಎಂದು ಮೆಟ್ಟಿಲಿಳಿದಿದ್ದ. ಆ ಮುಂದಿನ ಸಲ ಬರಲೇ ಇಲ್ಲ. ಅಕ್ಕ ತೀರಿಕೊಂಡ ಸುದ್ದಿ ತಲುಪಿ ಇಪ್ಪತ್ತು ದಿನಗಳಾಗಿದ್ದವು. ಊರಿಗೆ ಹೋಗಬೇಕೋ ಬೇಡವೋ ಎಂದು ಅವನಿಗಿನ್ನೂ ತೀರ್ಮಾನಿಸಲು ಆಗಿರಲಿಲ್ಲ.

ಗುರು ಅವನಿಗೆ ಕೂರಲು ಹೇಳಿ ಈ ಕತೆಯನ್ನು ಹೇಳಿದರು.

ಒಂದು ಹಳ್ಳದ ದಂಡೆಯಲ್ಲಿ ಮರಳು ತೊಳೆದು ಚಿನ್ನ ಹೆಕ್ಕುವವನೊಬ್ಬನಿದ್ದ. ಅವನು ಮರಳು ಅಗೆದು ಹೊತ್ತು ತರುತ್ತಿದ್ದ. ಹೆಂಡತಿ ನೀರಿನಂಚಿನಲ್ಲಿ ಕುಳಿತು ಮರದ ಮರಿಗೆಯಲ್ಲಿ ಅದನ್ನು ತುಳುಕಿಸಿ ತೊಳೆಯುತ್ತಿದ್ದಳು. ಹಗುರವಾದದ್ದು ನೀರಿನೊಂದಿಗೆ ಹೋಗುತ್ತದೆ, ಭಾರವಾದದ್ದು ತಳದಲ್ಲಿ ಉಳಿಯುತ್ತದೆ. ಉಳಿಯುವುದು ಕರಿಮರಳು, ನಾಲ್ಕಾರು ಕೆಂಪು ಹರಳು, ಅದೃಷ್ಟವಿದ್ದ ದಿನ ಒಂದೆರಡು ಚಿನ್ನದ ಕಣ. ಆ ಕಸುಬಿನವರೆಲ್ಲ ಚಿನ್ನವನ್ನು ಇಟ್ಟುಕೊಂಡು ಮಿಕ್ಕದ್ದನ್ನು ಹಳ್ಳಕ್ಕೆ ಎಸೆಯುತ್ತಾರೆ. ಇವನ ಹೆಂಡತಿ ಮಾತ್ರ ಕೆಂಪು ಹರಳುಗಳನ್ನು ಒಂದು ಸೋರೆಬುರುಡೆಯಲ್ಲಿ ಹಾಕಿಡುತ್ತಿದ್ದಳು.

ಒಂದು ದಿನ ಅವಳು ಕೇಳಿದಳು: "ನಮ್ಮ ಗುಡ್ಡದಲ್ಲಿ ಕೆಂಪು ಕಲ್ಲೇ ಇಲ್ಲ. ಇವು ಎಲ್ಲಿಂದ ಬಂದವು, ಹೇಳಿ ನೋಡೋಣ?"

"ಮಾರಿದರೆ ಹಿಡಿ ಜೋಳವೂ ಬಾರದ ಕಲ್ಲು. ಅದರ ಊರು ಯಾವುದಾದರೇನು? ಗಂಡು ಹುಡುಕುತ್ತೀಯೇನು ಅದಕ್ಕೆ?" ಎಂದು ಅವನು ನಕ್ಕ.

"ತವರು ಯಾವುದು ಅಂತ ಕೇಳಿದೆ, ಅಷ್ಟೇ" ಎಂದು ಅವಳೂ ನಕ್ಕಳು. ಮರಿಗೆಯನ್ನು ಮತ್ತೆ ನೀರಿಗಿಟ್ಟಳು. ಇನ್ನೊಮ್ಮೆ ಕೇಳಲಿಲ್ಲ.

ಆ ಮಳೆಗಾಲದಲ್ಲಿ ಜ್ವರ ಬಂದು ಅವಳು ಹೋದಳು.

ಅವನು ಒಬ್ಬನೇ ಅಗೆದ, ಒಬ್ಬನೇ ತೊಳೆದ. ಪ್ರತಿದಿನ ಕೊನೆಗೆ ಮರಿಗೆಯ ತಳದಲ್ಲಿ ಕೆಂಪು ಹರಳು ಉಳಿಯುತ್ತಿತ್ತು. ಅದನ್ನು ಎಸೆಯಲು ಕೈ ಬರುತ್ತಿರಲಿಲ್ಲ. ಇಟ್ಟುಕೊಂಡರೆ ಅವಳ ಮಾತು ಕಿವಿಗೆ ಬರುತ್ತಿತ್ತು. ಒಂದು ವರ್ಷ ಹೀಗೆ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಮರಿಗೆಯನ್ನು ಬೆನ್ನಿಗೆ ಕಟ್ಟಿ, ಸೋರೆಬುರುಡೆಯನ್ನು ಹೆಗಲಿಗೆ ಹಾಕಿಕೊಂಡು ಹಳ್ಳದ ಮೇಲ್ಮುಖವಾಗಿ ಹೊರಟ. ನೆರೆಯವರು, "ಮರಳಿರುವುದು ಇಲ್ಲಿ, ನೀನು ಹೊರಟಿದ್ದು ಎಲ್ಲಿಗೆ?" ಎಂದರು. ಅವನು ಹೇಳಲಿಲ್ಲ. ಹೇಳಿದ್ದರೆ, ಅವನು ಅವಳ ಮಾತಿಗೆ ನಕ್ಕ ಹಾಗೆಯೇ ಅವರು ಅವನ ಮಾತಿಗೆ ನಗುತ್ತಿದ್ದರು.

ಎರಡು ಕವಲು ಕೂಡುವಲ್ಲೆಲ್ಲ ಅವನು ನಿಂತ. ಈ ಕವಲಿನದು ಒಂದು ಮರಿಗೆ, ಆ ಕವಲಿನದು ಒಂದು ಮರಿಗೆ ಮರಳು ತೊಳೆದು ನೋಡಿದ. ಯಾವುದರಲ್ಲಿ ಕೆಂಪು ಉಳಿಯಿತೋ ಆ ಕವಲನ್ನು ಹಿಡಿದ. ಮನೆಯ ಹತ್ತಿರ ಹರಳು ರಾಗಿಯಷ್ಟಿತ್ತು, ಉರುಟಾಗಿತ್ತು. ಮೇಲೆ ಹೋದಂತೆ ಜೋಳದಷ್ಟಾಯಿತು, ಅಂಚು ಬೆರಳಿಗೆ ತಾಕತೊಡಗಿತು. ದಾರಿ ತಪ್ಪಿಲ್ಲ ಎಂದುಕೊಂಡ.

ಎಂಟನೆಯ ದಿನ ಒಂದು ಕೂಡಲಿನಲ್ಲಿ ಎರಡೂ ಕವಲುಗಳನ್ನು ತೊಳೆದ. ಎರಡರಲ್ಲೂ ಕೆಂಪು ಇರಲಿಲ್ಲ. ಇನ್ನಷ್ಟು ಆಳ ಅಗೆದು ತೊಳೆದ. ಇರಲಿಲ್ಲ. ಹರಳು ಇದ್ದರೆ ನೀರಿನಲ್ಲಿ ಇರಬೇಕು ಎಂಬುದು ಅವನು ಹುಟ್ಟಿನಿಂದ ಕಲಿತ ಪಾಠ. ಇಡೀ ದಿನ ನೀರನ್ನೇ ನೋಡುತ್ತ ಕುಳಿತ. ಹಿಂದಿರುಗಲೆಂದು ಎದ್ದು ದಂಡೆಗೆ ಕೈ ಊರಿದಾಗ ಮಣ್ಣು ಕುಸಿಯಿತು. ಅಂಗೈಯಲ್ಲಿ ಕೆಂಪು ಹರಳುಗಳಿದ್ದವು.

ತಲೆಯೆತ್ತಿ ನೋಡಿದ. ದಂಡೆಯ ಮಣ್ಣಿನಲ್ಲಿ, ನೀರಿಗಿಂತ ಎರಡಾಳು ಎತ್ತರದಲ್ಲಿ, ಗುಂಡುಕಲ್ಲುಗಳ ಒಂದು ಪದರವಿತ್ತು. ಹರಳುಗಳು ಆ ಪದರದಿಂದ ಉದುರುತ್ತಿದ್ದವು. ಹಳ್ಳವು ಅವನ್ನು ಎಲ್ಲಿಂದಲೋ ತಂದಿರಲಿಲ್ಲ. ದಂಡೆ ಕುಸಿದಾಗ ಬಿದ್ದದ್ದನ್ನು ಕೆಳಗೆ ಒಯ್ಯುತ್ತಿತ್ತು, ಅಷ್ಟೇ. ಅಷ್ಟು ಎತ್ತರದಲ್ಲಿ ಕಲ್ಲನ್ನು ಉರುಟು ಮಾಡಿದ್ದು ಬೇರೆ ನೀರು, ಬಹಳ ಹಿಂದಿನ ನೀರು.

ಅವನು ಹಳ್ಳವನ್ನು ಬಿಟ್ಟು ಆ ಪದರವನ್ನು ಹಿಡಿದು ನಡೆದ.

ಪದರ ಅವನನ್ನು ಗುಡ್ಡಸಾಲಿನ ಒಂದು ತಗ್ಗಿಗೆ ಕರೆದೊಯ್ದಿತು. ಅಲ್ಲಿ ಹನಿ ನೀರಿರಲಿಲ್ಲ. ಆದರೂ ನೆಲದ ತುಂಬ ಹೊಳೆಯ ಗುಂಡುಕಲ್ಲುಗಳು, ನಡುವೆ ತೊಗರಿಯಷ್ಟು ದಪ್ಪ ಕೆಂಪು ಹರಳುಗಳು. ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಅವನ ಮರಿಗೆಯನ್ನು ನೋಡಿ, "ಮರಿಗೆಯನ್ನು ತಂದವನು, ಹಳ್ಳವನ್ನೂ ಹೊತ್ತು ತರಬಾರದಿತ್ತೇನಪ್ಪ?" ಎಂದಳು.

"ಆಚೆ ಕೆಂಪು ಗುಡ್ಡ ಇದೆಯೇನಮ್ಮ?"

"ಅಗೋ, ಕಾಣುವುದಿಲ್ಲವೇ? ಅದರ ನೀರೆಲ್ಲ ಮೂಡಣದ ಹೊಳೆಗೆ ಇಳಿಯುತ್ತದೆ. ನಿಮ್ಮ ಕಡೆಗೆ ಒಂದು ತೊಟ್ಟೂ ಇಲ್ಲ."

ಅವನು ಆಚೆ ನೋಡಿದ, ಈಚೆ ನೋಡಿದ. ಅವನಿಗೆ ಅರ್ಥವಾಯಿತು: ಒಂದು ಕಾಲಕ್ಕೆ ಆ ಗುಡ್ಡದ ಹೊಳೆ ಈ ತಗ್ಗಿನ ಮೇಲೆ ಹರಿದು ಅವನ ಊರಿನತ್ತ ಬರುತ್ತಿತ್ತು. ಆಮೇಲೆ ಮೂಡಣದ ಹೊಳೆ ಆಳವಾಗಿ ಕೊರೆಯುತ್ತ ಬಂದು ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡಿತು. ಈಚೆ ಉಳಿದದ್ದು ದೊಡ್ಡ ಹೊಳೆಯ ಪಾತ್ರ, ಅದರಲ್ಲಿ ನಾಲ್ಕು ಹೆಜ್ಜೆಗೆ ದಾಟುವ ಒಂದು ಹಳ್ಳ.

"ಸಿಕ್ಕಿತು ಕಣೇ" ಎಂದು ಅವನು ಪಕ್ಕಕ್ಕೆ ತಿರುಗಿದ.

ಮುದುಕಿ ಸುತ್ತ ನೋಡಿದಳು. "ಯಾರಿಗೆ ಹೇಳಿದೆ?" ಎಂದಳು. ಅವನು ಬುರುಡೆಯನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಅವಳು ಮತ್ತೆ ಕೇಳಲಿಲ್ಲ. ಕುರಿಗಳನ್ನು ಅಟ್ಟಿಕೊಂಡು ಇಳಿದುಹೋದಳು.

ಬುರುಡೆಯ ಹರಳುಗಳನ್ನು ಅವುಗಳ ತವರಿನಲ್ಲೇ ಸುರಿಯಬೇಕೆಂದು ಅವನು ಹೊತ್ತು ತಂದಿದ್ದ. ಕೆಂಪು ಗುಡ್ಡದ ಬುಡದವರೆಗೂ ನಡೆದ. ಅಲ್ಲಿ ಬಂಡೆಯಿಂದ ಆಗಷ್ಟೇ ಕಳಚಿದ ಹರಳುಗಳಿದ್ದವು, ಮುಟ್ಟಿದರೆ ಕೊಯ್ಯುವಂಥವು. ಅವಳು ಕೂಡಿಟ್ಟವು ಸವೆದು ನುಣುಪಾಗಿದ್ದವು. ಸುರಿದರೂ ಇವು ಅವುಗಳಲ್ಲಿ ಬೆರೆಯುವುದಿಲ್ಲ ಎಂದು ಕಂಡಿತು. ಅವನು ಸುರಿಯಲಿಲ್ಲ. ಅಂಚು ಚೂಪಾದ ಒಂದೇ ಒಂದು ಹರಳನ್ನು ಎತ್ತಿ ಬುರುಡೆಯೊಳಗೆ ಹಾಕಿಕೊಂಡು ಊರ ಕಡೆಗೆ ತಿರುಗಿದ.

ಗುರು ಅಷ್ಟಕ್ಕೆ ನಿಲ್ಲಿಸಿದರು.

ಸಂಗಯ್ಯ ಕಾದ. ಕೊನೆಗೆ, "ಅವನು ಹೇಳಿದ್ದು ಅವಳಿಗೆ ಮುಟ್ಟಿತೇ?" ಎಂದ.

"ಅವಳು ಕೇಳಿದ್ದು ಅವನಿಗೆ ನೆನಪಿತ್ತು" ಎಂದರು ಗುರು. "ನಿನ್ನಕ್ಕ ಏನು ಕೇಳಿದಳು?"

ಇಪ್ಪತ್ತು ದಿನಗಳಿಂದ ಸಂಗಯ್ಯ ಆ ಬಾಗಿಲನ್ನೂ ಮೆಟ್ಟಿಲನ್ನೂ ನೆನೆಯುತ್ತಿದ್ದ. ತಾನು ಹೇಳಿದ್ದು ಅಕ್ಷರಶಃ ನೆನಪಿತ್ತು. ಅವಳು ಕೇಳಿದ್ದು ಮಾತ್ರ ಇರಲಿಲ್ಲ.

"ನೆನಪಿಲ್ಲ, ಗುರುಗಳೇ" ಎಂದ. ಆಮೇಲೆ, "ಅವಳ ಕೈಯಲ್ಲಿ ನನ್ನ ಬುತ್ತಿ ಇತ್ತು. ಗಂಟು ಬಿಗಿಯುತ್ತ ಕೇಳಿದಳು. ಒಮ್ಮೆ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆ ಗಂಟೊಂದೇ ನೆನಪಿದೆ" ಎಂದ.

"ಅಷ್ಟು ಸಾಕು, ಅದೇ ನಿನ್ನ ಹರಳು. ಅಲ್ಲಿಂದ ಮೇಲಕ್ಕೆ ನಡೆ" ಎಂದರು ಗುರು.