ಮುರಿಗೆವ್ವ ತಾಯಿಯವರು ಬಲೆಯ ಜಾಗದಲ್ಲಿ ಕುಳಿತದ್ದು

ಪೂಜ್ಯ ಮುರಿಗೆವ್ವ ತಾಯಿಯವರ ಮಠವೆಂದರೆ ಕೆಂಚನಹಾಳ ಕೆರೆಯ ದಂಡೆಯ ಮೇಲಿನ ಎರಡು ಕೋಣೆ, ಒಂದು ಒಲೆ. ಅವರು ಪವಾಡ ಮಾಡಿದರೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ, ತಾಯಿಯವರೇ ನಂಬುತ್ತಿರಲಿಲ್ಲ. ಅವರು ಮಾಡುತ್ತಿದ್ದದ್ದು ಅಡುಗೆ. ಬಂದವರಿಗೆ ಬಡಿಸಿ, ಉಳಿದರೆ ಉಣ್ಣುತ್ತಿದ್ದರು.

ಒಂದು ಚಳಿಗಾಲದ ಬೆಳಿಗ್ಗೆ ಅವರು ರೊಟ್ಟಿ ಬಡಿಯುತ್ತಿದ್ದಾಗ ದ್ಯಾಮಪ್ಪ ಬಂದು ಕಂಬಕ್ಕೆ ಒರಗಿ ನಿಂತ. ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಬಾತುಗಳ ಕೂಗನ್ನು, ಅವುಗಳಿಗೇ ಅನುಮಾನ ಬಾರದಂತೆ ಕೂಗಬಲ್ಲವನು ಆ ಸೀಮೆಯಲ್ಲಿ ಇವನೊಬ್ಬನೇ. ಸಂಜೆ ಹೊಲಗಳಿಗೆ ಮೇಯಲು ಹೊರಟ ಹಿಂಡನ್ನು ಇವನು ಕೂಗಿ ಇಳಿಸುವುದು, ಬಲೆಯ ಒಡೆಯ ಫಕ್ಕೀರಪ್ಪ ಹಗ್ಗ ಜಗ್ಗಿ ಅದನ್ನು ಕೆಡವುವುದು, ಮಾಂಸ ಹೆದ್ದಾರಿಯ ಢಾಬಾಗಳಿಗೆ ಹೋಗುವುದು. ಕಾನೂನು ಇರಲಿಲ್ಲವೆಂದಲ್ಲ. ಬೇಟೆ ನಿಷೇಧಿಸಿದೆ ಎಂಬ ಫಲಕ ಹೊಲದ ಬದುವಿನಲ್ಲೇ ಇತ್ತು. ಫಕ್ಕೀರಪ್ಪ ಬಲೆಯ ಹಗ್ಗವನ್ನು ಅದರ ಕಂಬಕ್ಕೇ ಕಟ್ಟುತ್ತಿದ್ದ.

“ಅವ್ವಾರ, ಗಂಟಲಾ ಕಟ್ಟೈತ್ರಿ,” ಎಂದ ದ್ಯಾಮಪ್ಪ. ಮಾತಿಗಿಂತ ಗಾಳಿಯೇ ಹೆಚ್ಚು ಹೊರಬಂತು. “ಸಂಜೀಕ ಬಾತು ಕರೀಬೇಕು. ಇವತ್ತ ಆಗ್ಲಿಲ್ಲಂದ್ರ ಫಕ್ಕೀರಪ್ಪ ಬ್ಯಾರೆ ಆಳ ನೋಡ್ತೀನಿ ಅಂದಾನ.”

ಇನ್ನು ಉಪದೇಶ ಶುರುವಾಗುತ್ತದೆಂದು ಅವನು ತಲೆ ತಗ್ಗಿಸಿದ. ತಾಯಿಯವರು ಜ್ಯೇಷ್ಠಮಧುವಿನ ಬೇರು ಕೊಟ್ಟು, ಬಿಸಿನೀರು ಕುಡಿಸಿ, ಸಂಜೆಯವರೆಗೆ ಬಾಯಿ ಬಿಡಬೇಡವೆಂದರು. ಹೊರಡುವಾಗ ಕೇಳಿದರು: “ಎಷ್ಟ ಮಂದಿ ಬರ್ತಾರ?”

“ಮಂದಿ ಅಲ್ರೀ, ಬಾತು.”

“ಅದ. ಕರದ ಮ್ಯಾಲ ಬಡಸಾಕ ಯಾರರ ಬೇಕಲ್ಲಪ್ಪ. ನಾನೂ ಬರ್ತೀನಿ.”

ಚೇಷ್ಟೆಯೆಂದುಕೊಂಡು ದ್ಯಾಮಪ್ಪ ಹೋದ.

ಹೊತ್ತು ಮುಳುಗುವಾಗ ತಾಯಿಯವರು ನಿಜವಾಗಿಯೂ ಬಂದರು. ಬೂದು ಕಂಬಳಿ ಹೊದ್ದು, ನೆನೆಸಿದ ಗೋಧಿಯ ಬುಟ್ಟಿ ಹಿಡಿದು, ಕಡಲೆ ಹೊಲದಲ್ಲಿ ಬಲೆ ಬೀಳುವ ಜಾಗದ ನಟ್ಟನಡುವೆ ಕುಳಿತರು.

“ಅವ್ವಾರ, ಅಲ್ಲಿಂದ ಏಳ್ರಿ, ಬಲೀ ಐತಿ,” ಎಂದ ಫಕ್ಕೀರಪ್ಪ, ಬದುವಿನ ಮರೆಯಿಂದ.

“ಪಂಕ್ತಿ ಬಿಟ್ಟು ಎಲ್ಲಿ ಬಡಸ್ಲೋ ಫಕ್ಕೀರಪ್ಪ?”

“ಇದೇನ್ ಗಂಟ ಬಿತ್ತಪಾ,” ಎಂದು ಅವನು ಗೊಣಗಿದ.

ಮುಂದಿನ ಮಾತಿಗೆ ಹೊತ್ತಿರಲಿಲ್ಲ. ಕೆರೆಯೇ ಎದ್ದು ಬಂದಂತೆ ಆಕಾಶ ತುಂಬಿತು. ಸಾಲಿನ ಹಿಂದೆ ಸಾಲು. ರೆಕ್ಕೆಗಳ ಸದ್ದು ನೆಲಕ್ಕೆ ಬಡಿಯುತ್ತಿತ್ತು. ದನಿ ಬಂದಿದೆಯೋ ಇಲ್ಲವೋ ಎಂಬ ಒಂದೇ ಆತುರದಲ್ಲಿ ದ್ಯಾಮಪ್ಪ ಕೂಗಿದ. ಬಂದಿತ್ತು! ಮುಂದಿನ ಸಾಲು ಬಾಗಿತು, ಹಿಂದಿನದು ಹಿಂಬಾಲಿಸಿತು, ಕಾಲು ಚಾಚಿ ಬಾತುಗಳು ದಬದಬನೆ ಇಳಿದವು. ಅಲುಗದೆ ಕೂತ ಕಂಬಳಿಯನ್ನು ಮಬ್ಬಿನಲ್ಲಿ ಬಂಡೆಯೆಂದುಕೊಂಡಿರಬೇಕು. ತಾಯಿಯವರ ಕೈಯಷ್ಟೇ ಸರಿದು ಗೋಧಿ ಚೆಲ್ಲಿತು. ಒಂದು ಬಾತು ಅವರ ಮೊಣಕಾಲಿನ ಬಳಿಯೇ ಕತ್ತು ಬಗ್ಗಿಸಿ ತಿನ್ನತೊಡಗಿತು.

“ಜಗ್ಗಲೇನಲೇ?” ಫಕ್ಕೀರಪ್ಪ ಉಸುರಿದ. ಪಕ್ಕದಲ್ಲಿ ದ್ಯಾಮಪ್ಪ ಆ ಬಾತನ್ನೇ ನೋಡುತ್ತಿದ್ದ.

ತಾಯಿಯವರು ತಿರುಗಿ ನೋಡದೆ ಮೆಲ್ಲಗೆ ಹೇಳಿದರು: “ದ್ಯಾಮಪ್ಪಾ, ಕರದಾಂವ ನೀನು. ಉಣ್ಣೂ ಹೊತ್ತಿನ್ಯಾಗ ಕೊಲ್ಲೂದಾದ್ರ ನೀನ ಹೇಳು.”

ಹದ್ದು ಕಂಡಾಗ ಬಾತು ಕೂಗುವ ಕೂಗೊಂದಿದೆ. ದ್ಯಾಮಪ್ಪನಿಗೆ ಅದು ಗೊತ್ತಿತ್ತು; ಬೇಟೆಗೆ ಉಪಯೋಗವಿಲ್ಲದ್ದರಿಂದ ಎಂದೂ ಕೂಗಿರಲಿಲ್ಲ. ಈಗ ಎದ್ದು ನಿಂತು, ಗಂಟಲಿನ ನರ ಉಬ್ಬುವಂತೆ ಕೂಗಿದ.

ಹೊಲಕ್ಕೆ ಹೊಲವೇ ಮೇಲೆದ್ದಿತು. ಗಾಬರಿಯಲ್ಲಿ ಫಕ್ಕೀರಪ್ಪ ಹಗ್ಗ ಜಗ್ಗಿದ. ಬಲೆ ಬಿದ್ದಾಗ ಅದರೊಳಗಿದ್ದವರು ಮುರಿಗೆವ್ವ ತಾಯಿಯವರೊಬ್ಬರೇ.

ಒಳಗಿಂದ ನಗು ಕೇಳಿಸಿತು. “ಢಾಬಾದವಗ ಹೇಳ್ರಿ, ಮುದಿಕೋಳಿ ಐತಿ, ಲಗೂನ ಬೇಯೂದಿಲ್ಲಂತ.”

ದ್ಯಾಮಪ್ಪ ಓಡಿದ. ಹಕ್ಕಿಗಳ ಕತ್ತಿಗೆಂದು ಸೊಂಟದಲ್ಲಿ ಇಟ್ಟುಕೊಂಡಿದ್ದ ಚೂರಿ ತೆಗೆದು, ತಾಯಿಯವರ ತಲೆಯ ಮೇಲಿನ ಎಳೆಗಳನ್ನು ಕೊಯ್ದ, ಭುಜದ ಮೇಲಿನವನ್ನು ಕೊಯ್ದ. ಅವರು ಹೊರಬಂದು ಕಂಬಳಿ ಕೊಡವಿಕೊಂಡರು.

“ಸಾಕ್ಲೇ, ಅವ್ವಾರು ಹೊರಗ ಬಂದ್ರಲ್ಲ,” ಎಂದು ಫಕ್ಕೀರಪ್ಪ ಅವನ ಕೈ ಹಿಡಿದ.

ದ್ಯಾಮಪ್ಪ ಕೊಸರಿಕೊಂಡು ಮತ್ತೆ ಕುಳಿತ. ಬಲೆ ಉದ್ದವಿತ್ತು. ಅದರ ಆಚೆ ತುದಿ ಮುಟ್ಟುವವರೆಗೂ ಕೊಯ್ಯುತ್ತಲೇ ಹೋದ.